ಖಾರ್ಕಿವ್‌ನ ಖೋಲಿಗೆ ಜಿಮ್ಮಾ

ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆ, ಮನೆಯ ಮುಂದೆಯೇ ಅಪ್ಪನ ವೆಲ್ಡಿಂಗ್ ಅಂಗಡಿ. ರೈಲು ಹೋದರೆ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ, ಅಪ್ಪ ಕಬ್ಬಿಣ ಕೊಯ್ಯಲು ಶುರುಮಾಡಿದರೆ ನಮ್ಮ ಹಲ್ಲು ನಡುಗುತ್ತವೆ. ಇಂಥ ಸದ್ದಿನಲ್ಲಿ ಬೆಳೆದ ನನಗೆ ಬಾಗಿಲು ಹಾಕಿಕೊಂಡು ಕೂಡುವಂಥ ಒಂದು ಖೋಲಿ ಮೊದಲ ಸಲ ಸಿಕ್ಕಿದ್ದು ಉಕ್ರೇನಿನ ಖಾರ್ಕಿವ್‌ನಲ್ಲಿ. ಡಾಕ್ಟರಕಿ ಓದಲು ಹೋಗಿದ್ದೆ. ಇಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಅಲ್ಲಿಗೆ ಹೋದಳು ಅಂತ ಓಣಿಯವರು ಆಡಿಕೊಂಡರು. ಅದು ಖರೆ ಮಾತೇ. ಅಲ್ಲಿ ಏನು ಸಿಕ್ಕಿತು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಖೋಲಿ ಸಣ್ಣದು. ಒಂದು ಮಂಚ, ಒಂದು ಮೇಜು, ಕಿಟಕಿಯ ಕೆಳಗೆ ಚಳಿಗಾಲದಲ್ಲಿ ಬಿಸಿನೀರು ಹರಿಯುವ ಕೊಳವೆಗಳು. ಕಿಟಕಿಯಲ್ಲಿ ನಿಂತರೆ ಟ್ರಾಮ್ ಹಳಿ ಕಾಣುತ್ತಿತ್ತು. ಮನೆಯ ಒಡತಿ ಒಂದು ಕಾಲಕ್ಕೆ ಅದೇ ಹಳಿಯ ಮೇಲೆ ಟ್ರಾಮ್ ಓಡಿಸಿದ ಹೆಂಗಸು, ಈಗ ಪಿಂಚಣಿ ತಿನ್ನುತ್ತಿದ್ದಳು. ಅಗಲ ಭುಜ, ದೊಡ್ಡ ದನಿ. ಮೊದಲ ತಿಂಗಳು ಆಕೆ ನನ್ನ ಜೊತೆ ಆಡಿದ್ದು ಎರಡೇ ಮಾತು. ಬೂಟು ಹೊರಗೆ ಬಿಡು, ಕಿಟಕಿ ಹಾಕು. ನನಗೆ ಜ್ವರ ಬಂದು ಮಲಗಿದ ವಾರ ಮೂರನೇ ಮಾತು ಶುರುವಾಯಿತು, ಆಮೇಲೆ ನಿಲ್ಲಲೇ ಇಲ್ಲ. ನಿಮ್ಮ ಕಡೆ ಅಜ್ಜಿಗೆ ಏನು ಅಂತೀರಿ ಅಂತ ಕೇಳಿದಳು. ಆಯಿ ಅಂದೆ. ಹಾಗಾದರೆ ನನ್ನನ್ನೂ ಹಾಗೇ ಕರೆ ಅಂದಳು.

ಆಯಿಯ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಆಕೆ ಆಡುತ್ತಿದ್ದದ್ದು ರಷ್ಯನ್, ಯುದ್ಧ ಬಂದ ಮೇಲೆ ಹಟ ಹಿಡಿದು ಉಕ್ರೇನಿಯನ್. ನನ್ನ ಕಿವಿಗೆ ಅದು ಎಂದೂ ಪರದೇಶದ ಮಾತಾಗಿ ಕೇಳಿಲ್ಲ, ಅದಕ್ಕೇ ನನಗೆ ಕೇಳಿದಂತೆ ಬರೆಯುವುದು ನೆಟ್ಟಗೆ ಅನಿಸುತ್ತದೆ.

ರಜೆಗೆ ಊರಿಗೆ ಬಂದು ಹೊರಡುವಾಗ ತಿಕೋಟಾದ ಚಿಗವ್ವ, ಅಂದರೆ ನಮ್ಮ ಅವ್ವನ ತಂಗಿ, ಒಂದು ಚೀಲ ಒಣದ್ರಾಕ್ಷಿ ಕೊಟ್ಟು ಕಳಿಸುತ್ತಿದ್ದಳು. ಆಯಿ ಅದನ್ನು ಡಬ್ಬಿಯಲ್ಲಿ ತೆಗೆದಿಟ್ಟು ಈಸ್ಟರ್ ಹಬ್ಬಕ್ಕೆ ಎತ್ತರದ ಸಿಹಿ ಬ್ರೆಡ್ಡಿನಲ್ಲಿ ಹಾಕುತ್ತಿದ್ದಳು. ಬ್ರೆಡ್ಡು ಬೇಯುವಾಗ ಅಡುಗೆಮನೆಯ ಬಾಗಿಲು ತೆರೆಯಲು ಬಿಡುತ್ತಿರಲಿಲ್ಲ, ಗಾಳಿ ತಾಗಿದರೆ ಕುಸಿಯುತ್ತದೆ ಅಂತ. ನಾನು ಬಾಗಿಲ ಸಂದಿಗೆ ಮೂಗಿಟ್ಟು ನಿಂತಿರುತ್ತಿದ್ದೆ. ತಿಕೋಟಾದ ದ್ರಾಕ್ಷಿ, ಖಾರ್ಕಿವ್‌ನ ಹಿಟ್ಟು, ಎರಡೂ ಸೇರಿ ಬಂದ ಆ ವಾಸನೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಗಾಂಧಿ ಚೌಕದ ಬೇಕರಿಗಳ ಮುಂದೆ ಎಷ್ಟೋ ಸಲ ಸುಮ್ಮನೆ ನಿಂತು ನೋಡಿದ್ದೇನೆ. ಸಿಗಲಿಲ್ಲ.

ಫೆಬ್ರುವರಿಯಲ್ಲಿ ರಷ್ಯದ ಸೈನ್ಯ ಬಂತು. ಮುಂದಿನದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ. ನಾವು ನೆಲಮಾಳಿಗೆಯಲ್ಲಿ ಕೂತೆವು, ಮೇಲೆ ಕಟ್ಟಡಗಳು ಅಲುಗಿದವು, ಕಡೆಗೆ ಪಶ್ಚಿಮದ ಕಡೆ ಹೋಗುವ ರೈಲು ಹಿಡಿಯಲೇಬೇಕು ಅಂತಾಯಿತು. ಆಯಿ ನನ್ನ ಜೊತೆ ಸ್ಟೇಷನ್ನಿನವರೆಗೂ ನಡೆದು ಬಂದಳು. ನೀನೂ ಬಾ ಅಂದೆ. ನಾ ಟ್ರಾಮ್ ಓಡಿಸಿದ ಊರು, ಹಳಿ ಬಿಟ್ಟು ನನಗ ಹೋಗಾಕ ಬರೂದಿಲ್ಲ ಅಂದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ರೈಲಿನ ಡಬ್ಬಿ ಹತ್ತುತ್ತಿದ್ದರು. ಆಕೆ ತನ್ನ ಅಗಲ ಭುಜದಿಂದ ದಾರಿ ಮಾಡಿ ನನ್ನನ್ನು ಒಳಗೆ ನೂಕಿದಳು. ನೂಕುವಾಗ ಅಂದದ್ದು ಇಷ್ಟು.

"ಖೋಲಿ ನಿಂದs. ಯಾರಿಗೂ ಕೊಡೂದಿಲ್ಲ. ನೀ ಬರೂತನಾ ಹಂಗs ಇರತೈತಿ."

ಬರ್ತೀನಿ ಅಂದೆ. ಬಾಗಿಲು ಮುಚ್ಚಿತು.

ವಿಜಯಪುರದ ಸ್ಟೇಷನ್ನಿನಲ್ಲಿ ನನಗೆ ಹಾರ ಹಾಕಿದರು. ಯಾವ ಪರಾಕ್ರಮಕ್ಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ, ಓಡಿ ಬಂದವರಿಗೂ ಹಾರ ಹಾಕುವ ಊರು ನಮ್ಮದು. ಅವ್ವ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ಇಬ್ಬರೂ ಒಂದೇ ಕಾರಣಕ್ಕೆ ಅಳುತ್ತಿದ್ದೇವೆ ಅಂತ ಅವ್ವ ತಿಳಿದಳು, ನಾನು ತಿದ್ದಲಿಲ್ಲ.

ಉಳಿದ ಓದನ್ನು ಬೇರೆ ದೇಶದಲ್ಲಿ ಮುಗಿಸಿದೆ. ಅಲ್ಲಿಯೂ ಖೋಲಿ ಇತ್ತು, ಮಂಚ ಇತ್ತು, ಅದು ನನ್ನದಾಗಲಿಲ್ಲ. ಈಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಕೆಲಸ. ಭಾನುವಾರ ಸಂಜೆ ಚಹಾದ ಹೊತ್ತಿಗೆ ಆಯಿಗೆ ಫೋನು. ನಮ್ಮಲ್ಲಿ ಸಂಜೆಯಾದರೆ ಆಕೆಗೆ ಮಧ್ಯಾಹ್ನ. ಪ್ರತಿ ಸಲ ಫೋನು ಹಿಡಿದು ಖೋಲಿಯ ಬಾಗಿಲು ತೆರೆದು ತೋರಿಸುತ್ತಾಳೆ. ನೋಡು, ಹಾಸಿಗೆ ನಿಂದು, ಪುಸ್ತಕ ನಿಂದು, ಧೂಳು ಮಾತ್ರ ನಂದು. ಕಿಟಕಿಯ ಗಾಜು ಒಡೆದು ಹಲಗೆ ಬಡಿಸಿದ ಮೇಲೂ ತೋರಿಸುವುದು ನಿಲ್ಲಿಸಲಿಲ್ಲ. ಆ ಅರ್ಧ ನಿಮಿಷಕ್ಕಾಗಿ ನಾನು ವಾರ ಪೂರ್ತಿ ಕಾಯುತ್ತಿದ್ದೆ. ಹೋಗಿಬರಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಆ ಊರಿನ ಮೇಲೆ ದಿನಾ ಬಾಂಬು ಬೀಳುವಾಗ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಯುದ್ಧ ನಿಲ್ಲಲಿ, ಅಂದಿದ್ದಳು ಅವ್ವ, ಆವತ್ತೇ ಟಿಕೆಟ್ ತೆಗಸು.

ಹೀಗಾಗಿ ಪಶ್ಚಿಮದ ದೇಶಗಳು ಉಕ್ರೇನಿಗೆ ಏನು ಕೊಟ್ಟವು, ಏನು ಕೊಡಲಿಲ್ಲ ಅನ್ನುವುದು ನಮ್ಮ ಮನೆಯ ಸುದ್ದಿಯಾಯಿತು. ಬೇರೆಯವರ ಮನೆಯಲ್ಲಿ ಧಾರಾವಾಹಿ ನಡೆಯುವ ಹೊತ್ತಿಗೆ ನಾನು ರಿಮೋಟ್ ಕಸಿದುಕೊಂಡು ಯಾವ ದೇಶ ಟ್ಯಾಂಕ್ ಕೊಡುತ್ತದೆ, ಯಾವುದು ವಿಚಾರ ಮಾಡುತ್ತದೆ ಅಂತ ಹುಡುಕುತ್ತಿದ್ದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ಅಂತ ಬೈಯುತ್ತಿದ್ದೆ. ಆಯಿ ನನ್ನಷ್ಟು ಬೈಯುತ್ತಿರಲಿಲ್ಲ. ಆಕೆಗೆ ಆ ಸಹಾಯದ ಲೆಕ್ಕ ಆಕಾಶದಿಂದ ಸಿಗುತ್ತಿತ್ತು. "ಈ ವಾರ ಮ್ಯಾಲಿಂದ ಬಂದ ಬಾಂಬ್ ಮ್ಯಾಲs ಹೊಡದ್ರು, ಎಲ್ಲಿಂದೋ ಛಲೋ ಸಾಮಾನು ಬಂದೈತಿ" ಅನ್ನುವಳು. ಕರೆಂಟಿಲ್ಲದ ಚಳಿಯಲ್ಲಿ ಅವರ ಕಟ್ಟಡದ ಅಂಗಳಕ್ಕೆ ಯಾವುದೋ ದೇಶದ ಜನರೇಟರ್ ಬಂದಿತ್ತು. ಅದರ ಮೇಲಿನ ಅಕ್ಷರ ಓದಲು ಬಾರದಿದ್ದರೂ ಆಯಿ ದಿನಾ ಅದನ್ನು ಕೈಯಿಂದ ತಟ್ಟಿ ಬರುತ್ತಿದ್ದಳು, ನಮ್ಮವರು ಎತ್ತಿನ ಬೆನ್ನು ತಟ್ಟಿದಂತೆ. ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದ ಅಮೆರಿಕ ಸ್ವಲ್ಪ ದಿನ ಕೈ ಹಿಂದೆ ತೆಗೆದಾಗ ಮಾತ್ರ ಆ ಲೆಕ್ಕ ಹೇಳುವುದು ಬಿಟ್ಟಳು. ಆ ಭಾನುವಾರ ಖೋಲಿಯ ಬಾಗಿಲು ತೆರೆದು ತೋರಿಸಿ ಫೋನು ಇಟ್ಟಳು.

ಹೋದ ವರ್ಷ ಶ್ರಾವಣದಲ್ಲಿ ಹೊಸ ಮಾತು ಶುರುವಾಯಿತು. ಯುದ್ಧ ನಿಂತರೆ ಸಾಲದು, ರಷ್ಯ ಮತ್ತೆ ಬಾರದ ಹಾಗೆ ಉಕ್ರೇನಿಗೆ ಭದ್ರತೆಯ ಗ್ಯಾರಂಟಿ ಕೊಡಬೇಕು ಅಂತ. ಒಂದು ದಿನ ಟಿವಿ ಹಚ್ಚಿದರೆ ಯುರೋಪಿನ ದೊಡ್ಡ ದೊಡ್ಡವರೆಲ್ಲ ಅಮೆರಿಕಕ್ಕೆ ಹೋಗಿ ಒಂದೇ ಮೇಜಿನ ಸುತ್ತ ಕೂತಿದ್ದಾರೆ, ನಡುವೆ ಉಕ್ರೇನಿನ ಅಧ್ಯಕ್ಷನೂ ಕೂತಿದ್ದಾನೆ.

ಇಲ್ಲೇ ನಮ್ಮ ಮನೆಯವರು ಎಡವಿದ್ದು. ನಮ್ಮ ಕಡೆ ಜಗಳ ಬಗೆಹರಿಯುವ ರೀತಿಯೇ ಬೇರೆ. ಹಿರಿಯರು ಒಬ್ಬೊಬ್ಬರೇ ಓಡಾಡುವಾಗ ಏನೂ ಆಗಿರುವುದಿಲ್ಲ. ಒಳಗಿನ ಮಾತೆಲ್ಲ ಮುಗಿದ ಮೇಲೆಯೇ ಎಲ್ಲರೂ ಕೂಡಿ ಜಮಖಾನೆಯ ಮೇಲೆ ಕೂಡುವುದು, ಕೂತರೆಂದರೆ ಮುಗಿಯಿತು, ಬಾಯಿಗೆ ಸಕ್ಕರೆ ಹಾಕಿ ಏಳುವುದು. ಟಿವಿಯಲ್ಲಿ ಅಷ್ಟು ಮಂದಿ ಕೂತದ್ದು ಕಂಡು ಅವ್ವ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. "ಮುಗೀತ ನೋಡವಾ, ಹಿರಿಯಾರು ಕುಂತ್ರು" ಅಂತ ನನ್ನ ಬಾಯಿಗೆ ಹಾಕಿದಳು. ನಾನಾದರೂ ಓದಿದವಳು, ಅಷ್ಟು ದೇಶ ತಿರುಗಿದವಳು, ಬ್ಯಾಡ ಅನ್ನಬೇಕಿತ್ತಲ್ಲ? ಬಾಯಿ ತೆರೆದೆ. ಅಷ್ಟೇ ಅಲ್ಲ, ಸಕ್ಕರೆ ಕರಗುವ ಮೊದಲೇ ಆಯಿಗೆ ಫೋನು ಹಚ್ಚಿ, ಮುಗೀತು ಆಯಿ, ನಾ ಬರ್ತೀನಿ ಅಂದೆ.

"ನಿನ್ನೆ ರಾತ್ರಿ ಪೂರ್ತಿ ಸೈರನ್ ಹೊಡೀತು" ಅಂದಳು ಆಯಿ. "ನೀ ಏನ ತಿನ್ನಾಕತ್ತೀ?"

ಆ ಹೊತ್ತಿಗೆ ಚಿಗವ್ವ ನಮ್ಮ ಮನೆಯಲ್ಲೇ ಇದ್ದಳು. ಶ್ರಾವಣ ಸೋಮವಾರ ಅಂತ ತಿಕೋಟಾದಿಂದ ಬಂದವಳು ಇನ್ನೂ ಹೊರಟಿರಲಿಲ್ಲ. ಸಕ್ಕರೆಯನ್ನು ಆಕೆಗೂ ಕೊಡಲು ಹೋದರೆ ಕೈ ಸರಿಸಿದಳು.

"ನನಗೂ ಹಿಂಗs ಸಕ್ಕರಿ ತಿನಿಸಿ ಕಳಿಸಿದ್ದ ಮರತೀಯೇನ ಅಕ್ಕಾ?" ಅಂತ ಅವ್ವನಿಗೆ ಕೇಳಿದಳು. ಅವ್ವ ಡಬ್ಬಿ ಮುಚ್ಚಿ ಒಳಗೆ ಒಯ್ದಳು.

ಆ ಕಥೆ ನನಗೆ ಗೊತ್ತಿತ್ತು, ಆದರೆ ಸಣ್ಣವಳಿದ್ದಾಗ ಕೇಳಿದ್ದು. ಚಿಗವ್ವನ ಗಂಡ ಎಳೆಯ ವಯಸ್ಸಿಗೇ ತೀರಿಕೊಂಡ. ಮಗ್ಗುಲ ಮನೆಯ ಮೈದುನ, ಈ ಮನೆ ನಂದು, ನೀ ತವರಿಗೆ ಹೋಗು ಅಂತ ಬಡಿಗೆ ಹಿಡಿದು ನಿಂತ. ಆಕೆ ಬಬಲೇಶ್ವರಕ್ಕೆ, ನಮ್ಮ ಮುತ್ಯಾ ಅಂದರೆ ಅವ್ವನ ಅಪ್ಪನ ಮನೆಗೆ ಬಂದು ಕೂತಳು. ಮುತ್ಯಾ ಸುಮ್ಮನಿರುವವನಲ್ಲ. ಗಾಂಧಿ ಚೌಕದ ಒಬ್ಬ ದೊಡ್ಡ ವ್ಯಾಪಾರಿ, ಬಬಲೇಶ್ವರದ ಹಿರಿಯರು, ವಿಜಯಪುರದ ಒಬ್ಬ ನಿವೃತ್ತ ಸಾಹೇಬರು, ಹೀಗೆ ಹೆಸರು ಹೇಳಿದರೆ ಎದ್ದು ನಿಲ್ಲುವಂಥವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ತಿಕೋಟಾಕ್ಕೆ ಹೋದ. ಕೂತು ಮಾತಾಡಿದರು. ಹಿತ್ತಲು ಮೈದುನನಿಗೆ ಬಿಟ್ಟುಕೊಡಬೇಕು, ಮನೆ ಆಕೆಗೆ, ಇನ್ನು ಮುಂದೆ ಆತ ಆಕೆಯ ಉಸಾಬರಿಗೆ ಹೋಗಬಾರದು. ಹೋದರೆ? ನಾವು ಜಿಮ್ಮಾ, ಅಂದರು ಹಿರಿಯರು. ಜಿಮ್ಮಾ ಅಂದರೆ ಹೊಣೆ. ಆಡಿದವನ ತಲೆಯ ಮೇಲೆ ಅದು ಸಾಯುವತನಕ ಇರುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ಸಕ್ಕರೆ ಹಂಚಿದರು, ಜೀಪು ಹೊರಟು ಹೋಯಿತು.

ಮುಂದಿನ ಬೇಸಿಗೆಗೆ ಮೈದುನ ಹಿತ್ತಲಿನಿಂದ ದನದ ಕೊಟ್ಟಿಗೆಗೆ ಬಂದ. ಕೊಟ್ಟಿಗೆಯಿಂದ ನೀರಿನ ನಳಕ್ಕೆ ಬಂದ.

"ಎಲ್ಲಾರಿಗೂ ಫೋನ್ ಮಾಡಿದ್ನೆವ್ವಾ" ಅಂದಳು ಚಿಗವ್ವ ಆ ಸಂಜೆ. "ವ್ಯಾಪಾರಿ ಒಂದ ಚೀಲ ಜ್ವಾಳ ಕಳಿಸಿದ. ಸಾಹೇಬ್ರು ಸೀರಿ ಕಳಿಸಿದ್ರು. ನಿನ್ನ ಹಿಂದ ನಾವ ಅದೀವಿ ಅಂದ್ರು. ಹಿಂದ ಭಾಳ ಮಂದಿ ಇದ್ರು. ಬಾಗಲದಾಗ ಬಡಿಗಿ ಹಿಡಿದ ನಿಂತಾವನ ಮುಂದ ನಾ ಒಬ್ಬಾಕೀನs ಇದ್ದೆ."

"ಹಂಗಾದ್ರ ಅವರು ಕಳಿಸಿದ್ದೆಲ್ಲಾ ದಂಡ ಅಂತೀಯೇನ?" ಅಂತ ಕೇಳಿದೆ.

"ಯಾಕ ದಂಡ? ಆ ಜ್ವಾಳ ಬರದಿದ್ರ ನಾ ಮನೀನೂ ಬಿಟ್ಟ ಹೋಗ್ತಿದ್ದೆ. ಹೊಟ್ಟೀಗಿ ಆತು. ನಿದ್ದಿಗಿ ಆಗಲಿಲ್ಲ."

ನಿದ್ದೆಗೆ ಆದವಳು ಎದುರು ಮನೆಯ ರೊಟ್ಟಿ ಬಡಿಯುವ ಹೆಂಗಸು. ಯಾವ ಜೀಪಿನಲ್ಲೂ ಕೂತವಳಲ್ಲ, ಯಾವ ಮಾತಿಗೂ ಆಕೆಯನ್ನು ಕರೆದಿರಲಿಲ್ಲ. ಒಂದು ದಿನ ತನ್ನ ಹಾಸಿಗೆ ಸುತ್ತಿಕೊಂಡು ಬಂದು ಚಿಗವ್ವನ ಕಟ್ಟೆಯ ಮೇಲೆ ಹಾಸಿ ಮಲಗಿದಳು. ಮರುದಿನವೂ ಬಂದಳು. ಮಳೆಗಾಲ ಬರುವವರೆಗೂ ಅಲ್ಲೇ ಮಲಗಿದಳು. ಮೈದುನನಿಗೆ ಒಬ್ಬ ವಿಧವೆಯನ್ನು ಹೆದರಿಸುವುದು ಸುಲಭವಿತ್ತು, ಅಡ್ಡ ಮಲಗಿದ ಇನ್ನೊಬ್ಬಳನ್ನು ದಾಟಿ ಬಂದರೆ ಇಡೀ ಓಣಿ ಏಳುತ್ತಿತ್ತು. ಮನೆ ಉಳಿಯಿತು. ಹಿತ್ತಲು ಮಾತ್ರ ಹೋದದ್ದು ಹೋಯಿತು, ಇವತ್ತಿಗೂ ಬಂದಿಲ್ಲ. ಆ ಹಿತ್ತಲಲ್ಲಿ ಚಿಗವ್ವ ಹಚ್ಚಿದ ಒಂದು ಕರಿಬೇವಿನ ಗಿಡ ಇದೆ. ಗೋಡೆಯ ಈಚೆ ನಿಂತು ಅದರ ತುದಿ ನೋಡುತ್ತಾಳೆ.

ಇದು ಕೇಳಿ ನಾನು ಕರಗಿ ಹೋದೆ ಅಂತ ತಿಳಿಯಬೇಡಿ. ನನಗೆ ಸಿಟ್ಟು ಬಂತು. ಚಿಗವ್ವನಿಗೆ ಇಡೀ ಜಗತ್ತು ತಿಕೋಟಾದ ಒಂದು ಓಣಿಯಾಗಿ ಕಾಣುತ್ತದೆ.

"ಅಲ್ಲಿ ಅಣುಬಾಂಬ್ ಐತಿ ಚಿಗವ್ವಾ. ನಿನ್ನ ಮೈದುನನ ಕೈಯಾಗ ಬಡಿಗಿ ಇತ್ತು. ಹಾಸಿಗಿ ತಗೊಂಡ ಹೋಗಿ ಯಾರ ಮಲಗಬೇಕು ಅಲ್ಲಿ? ಮಲಗಿದವರ ಮ್ಯಾಲ ಬಾಂಬ್ ಬಿದ್ರ ಮೂರನೇ ಮಹಾಯುದ್ಧ ಆಗತೈತಿ."

"ಅದಕ್ಕs ಅವರೂ ಜೀಪ್ ಹತ್ತಿ ಹ್ವಾದ್ರು" ಅಂದಳು. "ಹೆದರಿಕಿ ಯಾರಿಗಿಲ್ಲಾ? ಆ ರೊಟ್ಟಿಯಾಕೀಗೂ ಇತ್ತು. ಹೆದರಕೋತs ಬಂದ ಹಾಸಿಗಿ ಹಾಸ್ತಿದ್ಲು. ಫೋನ್ ಹಚ್ಚು ನಿಮ್ಮ ಆಯಿಗೆ, ನಾ ಒಂದ ಮಾತ ಕೇಳಬೇಕು."

ಹಚ್ಚಿಕೊಟ್ಟೆ. ಚಿಗವ್ವ ಮತ್ತು ಆಯಿ ಅದಕ್ಕೂ ಮೊದಲು ಎಷ್ಟೋ ಸಲ ಫೋನಿನಲ್ಲಿ ಮುಖ ನೋಡಿದ್ದರು. ಒಬ್ಬಳು ದ್ರಾಕ್ಷಿ ತೋರಿಸುವುದು, ಇನ್ನೊಬ್ಬಳು ಬ್ರೆಡ್ಡು ತೋರಿಸುವುದು, ನಡುವೆ ನಾನು ದುಭಾಷಿ. ಇವತ್ತು ಚಿಗವ್ವ ನೇರವಾಗಿ ಕೇಳಿದಳು, ಜಿಮ್ಮಾ ಹಿಡಿಯುತ್ತೇವೆ ಅನ್ನುವವರಲ್ಲಿ ನಿಮ್ಮ ಓಣಿಯವರು ಯಾರಿದ್ದಾರೆ? ನಮ್ಮ ಹಳೆಯ ಮಂದಿ ಹಾಗೇ ಕೇಳುತ್ತಿದ್ದರಂತೆ. ಜಿಮ್ಮಾ ಹಿಡಿಯುವವರಲ್ಲಿ ಒಬ್ಬರಾದರೂ, ಆ ಹೆಣ್ಣುಮಗಳು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು, ಇಲ್ಲದಿದ್ದರೆ ಸಕ್ಕರೆ ಹಂಚಬಾರದು. ಮುತ್ಯಾ ದೊಡ್ಡ ಹೆಸರುಗಳ ಹಿಂದೆ ಬಿದ್ದು ಅದನ್ನು ಮರೆತ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಆಯಿ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ನಾ ಟ್ರಾಮ್ ಓಡಸ್ತಿದ್ದಾಗ ನಮ್ಮ ದೇಶ ತನ್ನ ಹತ್ತರ ಇದ್ದ ಅಣುಬಾಂಬೆಲ್ಲಾ ಕೊಟ್ಟು ಒಂದ ಕಾಗದ ತಗೊಂತು" ಅಂದಳು. "ನಿಮ್ಮ ಗಡಿ ಯಾರೂ ಮುಟ್ಟೂದಿಲ್ಲ ಅಂತ ದೊಡ್ಡ ದೊಡ್ಡವರು ಸಹಿ ಹಾಕಿದ್ರು. ಈಗ ಮನಿಗೆ ಹೊಕ್ಕಾವನೂ ಅದರಾಗ ಸಹಿ ಹಾಕ್ಯಾನ. ಹಿಂಗಾಗಿ ನಿಮ್ಮ ಚಿಗವ್ವ ಕೇಳಿದ್ದ ನಾವೂ ಕೇಳಾಕತ್ತೇವಿ. ಸೈನಿಕರು ಬಂದ ಇಲ್ಲಿ ಇರ್ತಾರೋ, ಇಲ್ಲಾ ದೂರ ಕುಂತು ನೋಡ್ತಾರೋ. ಕೆಲವ್ರು ಬರ್ತೀವಿ ಅಂತಾರ. ಯುದ್ಧ ನಿಂತ ಮ್ಯಾಲ ಅಂತ."

"ಹಿಂಗಾದ್ರ ನೀ ಮಗಳ ಕಡೆ ಹೋಗವ್ವಾ" ಅಂದಳು ಚಿಗವ್ವ. ಆಯಿಯ ಮಗಳು ಯುದ್ಧ ಶುರುವಾದ ವರ್ಷವೇ ಜರ್ಮನಿಗೆ ಹೋಗಿದ್ದಳು, ವಾರಕ್ಕೊಮ್ಮೆ ಬಾ ಬಾ ಅಂತ ಕರೆಯುತ್ತಿದ್ದಳು.

ಆ ಮಾತನ್ನು ತರ್ಜುಮೆ ಮಾಡಲು ನನಗೆ ಮನಸ್ಸಿರಲಿಲ್ಲ. ಆಯಿ ಹೋದರೆ ಆಕೆಯ ಜೀವ ಉಳಿಯುತ್ತದೆ, ಅದು ನನಗೆ ಗೊತ್ತು. ಆಕೆ ಹೋದರೆ ಆ ಮನೆಗೆ ಬೀಗ, ನನ್ನ ಖೋಲಿಗೆ ಬೀಗ, ಆ ಊರಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರುವುದಿಲ್ಲ, ಅದೂ ಗೊತ್ತು. ಹೇಳಿದೆ, ಇದ್ದ ಹಾಗೆಯೇ ಹೇಳಿದೆ. ಆಯಿ ಇಲ್ಲ ಅಂತ ತಲೆ ಆಡಿಸಿದಳು. "ನಾ ಹ್ವಾದ್ರ ಖೋಲಿ ಯಾರ ನೋಡಕೋತಾರ? ಹುಡಗಿ ಬರಾಕೀ ಅದಾಳ." ನನಗೆ ಆದ ಸಂತೋಷವನ್ನು ಮುಚ್ಚಿಕೊಳ್ಳಲು ಚಹಾ ಲೋಟ ಹಿಡಿದು ಅಂಗಳಕ್ಕೆ ಹೋದೆ.

ಶ್ರಾವಣ ಹೋಯಿತು, ದೀಪಾವಳಿ ಹೋಯಿತು, ಗ್ಯಾರಂಟಿ ಬರುತ್ತಲೇ ಇತ್ತು. ಕಾಗದ ತಯಾರಾಗಿದೆ ಅಂತ ಒಂದು ದಿನ, ಒಂದು ಮಾತು ಬಾಕಿ ಇದೆ ಅಂತ ಇನ್ನೊಂದು ದಿನ. ಮೊದಲು ಅಷ್ಟು ನೆಲ ಬಿಟ್ಟುಕೊಡಿ, ಆಮೇಲೆ ಗ್ಯಾರಂಟಿ ಅಂತ ಮಗದೊಂದು ದಿನ. ಆ ಮಾತು ಬಂದ ದಿನ ಚಿಗವ್ವನೇ ತಿಕೋಟಾದಿಂದ ಫೋನು ಮಾಡಿ, "ಹಿತ್ತಲ ಕೇಳಾಕತ್ತಾರಲ್ಲs" ಅಂದಳು. ನಾನು ಭೂತನಾಳದ ಕೆರೆಯ ದಂಡೆಗೆ ಹೋಗಿ ಒಬ್ಬಳೇ ಕೂತು ಬರುವ ಚಾಳಿ ಹಚ್ಚಿಕೊಂಡೆ. ನೀರು ಎಲ್ಲಾ ಊರಲ್ಲೂ ನೀರೇ ಅಲ್ಲವೇ? ಕಣ್ಣು ಅರ್ಧ ಮುಚ್ಚಿದರೆ ಅದು ಖಾರ್ಕಿವ್‌ನ ನದಿಯಾಗುತ್ತಿತ್ತು, ಪೂರ್ತಿ ತೆರೆದರೆ ಎಮ್ಮೆಗಳು ಕಾಣುತ್ತಿದ್ದವು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಬಂದವರಿಗೆಲ್ಲ ಏನೋ ಒಂದು ಕುಂದು ಹೇಳಿ ಕಳಿಸುತ್ತಿದ್ದೆ. ಒಂದು ಸಲವಾದರೂ ಹೋಗಿ ಆ ಮಂಚದ ಮೇಲೆ ಮಲಗಿ ಏಳದೆ ಇನ್ನೊಂದು ಮನೆಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಅವ್ವನಿಗೆ ಹೇಗೆ ಹೇಳುವುದು? ಗಂಡಿನ ಮೂಗು ಸೊಟ್ಟ ಇದೆ ಅಂತ ಹೇಳುವುದು ಸುಲಭ.

ಈ ಸಲ ಒಣದ್ರಾಕ್ಷಿಯ ಸುಗ್ಗಿಯಲ್ಲಿ ರಜೆ ಹಾಕಿ ತಿಕೋಟಾಕ್ಕೆ ಹೋದೆ. ಬಬಲೇಶ್ವರದ ಮುತ್ಯಾನ ಮನೆಗೂ ಹೋಗಿ ಬಾ ಅಂದಿದ್ದಳು ಅವ್ವ, ಹೋಗಲಿಲ್ಲ. ಚಿಗವ್ವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬಲೆಗಳ ಮೇಲೆ ಹಸಿರು ದ್ರಾಕ್ಷಿ ಹರವಿರುತ್ತಾರೆ, ಒಣಗಿದ ಮೇಲೆ ಕಡ್ಡಿ ತೆಗೆದು ಬಣ್ಣ ನೋಡಿ ಬೇರೆ ಮಾಡಬೇಕು. ನಾನೂ ಆಕೆಯ ಮಗ್ಗುಲಿಗೆ ಕೂತು ಆರಿಸತೊಡಗಿದೆ. ಡಾಕ್ಟರ್ ಬಾಯಿ ಹೆಚ್ಚು ತಿಂದು ಕಡಿಮೆ ಆರಿಸುತ್ತಾರೆ ಅಂತ ಹೆಂಗಸರು ನಗುತ್ತಿದ್ದರು. ಭಾನುವಾರವಲ್ಲ, ಆದರೂ ಫೋನು ಬಂತು. ಆಯಿ.

ಖೋಲಿಯ ಬಾಗಿಲಿನ ಮುಂದೆಯೇ ನಿಂತಿದ್ದಳು. ಬಾಗಿಲು ತೆರೆಯಲಿಲ್ಲ.

"ನಿನ್ನ ಕೇಳದs ನಾ ಏನೂ ಮಾಡಿಲ್ಲ" ಅಂದಳು. "ಪೂರ್ವದ ಕಡೆ ಒಂದ ಊರಿಂದ ತಾಯಿ ಮಗಳು ಬಂದಾರ. ಅವರ ಊರ ಪೂರ್ತಿ ಹೋಗೇತಿ. ಸಾಲ್ಯಾಗ ನೆಲದ ಮ್ಯಾಲ ಮಲಗಿದ್ರು. ಕೆಳಗಿನ ಮನಿಯಾಕಿ ಕರಕೊಂಡ ಬಂದಾಳ. ಎರಡ ದಿನ ಅಡಗಿಮನ್ಯಾಗ ಹಾಸಿಕೊಟ್ಟೇನಿ. ಈ ಬಾಗಲಾ ನೋಡ್ತಾರ, ಕೇಳೂದಿಲ್ಲ."

"ಕೊಡು ಆಯಿ" ಅಂದೆ. ಬಾಯಿ ಬೇಗ ಅಂದಿತು, ಎದೆ ಇನ್ನೂ ಹಿಂದೆ ಇತ್ತು.

"ಕೊಡ್ತೀನಿ. ಆದ್ರ ಆಕಿ ತಗೋವಲ್ಲಳು. ಖೋಲಿ ಯಾರದು ಅಂತ ಕೇಳಿದ್ಲು, ಹೇಳಿದೆ. ನೀನs ಮಾತಾಡು."

ಫೋನು ಕೈ ಬದಲಾಯಿತು. ನನ್ನ ವಯಸ್ಸಿನದೇ ಒಂದು ಮುಖ, ಕೂದಲು ಬಾಚದೆ ಎಷ್ಟು ದಿನವಾಗಿತ್ತೋ. ಸೊಂಟಕ್ಕೆ ಅಂಟಿಕೊಂಡು ಒಂದು ಸಣ್ಣ ಹುಡುಗಿ. ತಾಯಿ ನನಗೆ ನಮಸ್ಕಾರ ಹೇಳಿ, ತಡೆದು ತಡೆದು ಕೇಳಿದಳು.

"ನೀವು ಬರ್ತೀರಂತ ಅಜ್ಜಿ ಹೇಳಿದ್ರು. ಒಳ್ಳೇದ ಆತು, ಬರ್ರಿ. ಆದ್ರ ನೀವು ಬಂದ್ರ ನಾವು ಎಲ್ಲಿ ಹೋಗೂದು? ಎರಡ ಸಲ ಮನಿ ಖಾಲಿ ಮಾಡೇವ್ರಿ. ಈ ಕೂಸಿಗೆ ಇದು ನಿನ್ನ ಜಾಗಾ ಅಂತ ಹೇಳಿ ಮತ್ತ ಎಬ್ಬಿಸಾಕ ನನಗ ಆಗೂದಿಲ್ಲ. ಸ್ವಲ್ಪ ದಿನದ ಮಾತಾದ್ರ ಅಡಗಿಮನೀನs ಸಾಕ್ರಿ."

ಸದ್ಯಕ್ಕೆ ಇರಿ, ಮುಂದೆ ನೋಡೋಣ. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಂಥ ಸಜ್ಜನರ ಮಾತು ಅದು. ಟಿವಿಯಲ್ಲಿ ವರ್ಷಪೂರ್ತಿ ಕೇಳಿದ್ದೆ, ಕೇಳಿದಾಗಲೆಲ್ಲ ಬೈದಿದ್ದೆ. ಆಡಿದವನಿಗೆ ಏನೂ ಹೋಗುವುದಿಲ್ಲ, ಕೇಳಿದವಳಿಗೆ ಏನೂ ಸಿಗುವುದಿಲ್ಲ.

"ನಾನು ಬರೂದಿಲ್ಲ" ಅಂದೆ.

"ಯುದ್ಧ ನಿಂತ ಮ್ಯಾಲ?"

"ನಿಂತ ಮ್ಯಾಲೂ ಬರೂದಿಲ್ಲ. ಆ ಖೋಲಿ ನಿಮ್ಮದು. ಮಂಚ, ಮೇಜು ಎಲ್ಲಾ ಕೂಸಿಗೆ. ನನ್ನ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಒಗೀರಿ, ಇಲ್ಲಾ ಒಲಿಗೆ ಹಾಕ್ರಿ."

ಆಕೆ ನನ್ನನ್ನೇ ನೋಡಿದಳು. ನಂಬಿ ನಂಬಿ ಸಾಕಾದವರ ನೋಟ ಅದು. "ಗ್ಯಾರಂಟಿ?" ಅಂದಳು.

"ಗ್ಯಾರಂಟಿ."

ಆಯಿಗೆ ಕೇಳಿಸಿತ್ತು. ಆಕೆ ಫೋನಿನ ಮುಂದೆ ಬರಲಿಲ್ಲ, ಬಾಗಿಲ ಚಿಲಕ ತೆಗೆದ ಸದ್ದು ಮಾತ್ರ ಬಂತು. ಸಣ್ಣ ಹುಡುಗಿ ಒಳಗೆ ಓಡಿದ ಸದ್ದು ಬಂತು. ಆಮೇಲೆ ಸಂಪರ್ಕ ಕಡಿದುಹೋಯಿತು, ಅವರ ಕಡೆ ಕರೆಂಟು ಹೋಗಿರಬೇಕು.

ಚಿಗವ್ವ ಕೈಯಲ್ಲಿನ ದ್ರಾಕ್ಷಿ ಬಿಟ್ಟು ನನ್ನನ್ನು ನೋಡುತ್ತಿದ್ದಳು. ಭಾಷೆ ತಿಳಿಯದಿದ್ದರೂ ಆಕೆಗೆ ಅರ್ಧ ತಿಳಿದಿತ್ತು.

"ಏನಂದಿ ಬೇ?"

ಹೇಳಿದೆ.

"ಹಂಗs ಬಾಯಿಮಾತಿಗೆ ಅಂದಿ? ಇಲ್ಲಾ ಖರೇನs ಹೋಗೂದಿಲ್ಲಾ?"

"ಖರೇನs ಹೋಗೂದಿಲ್ಲ ಚಿಗವ್ವಾ. ನಾ ಒಂದ ದಿನಕ್ಕ ಹೋದ್ರೂ ಆ ಕೂಸು ಮಂಚ ಬಿಟ್ಟ ಏಳಬೇಕಾಗತೈತಿ."

ಆಕೆ ನನ್ನ ತಲೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡಳು. ಸುತ್ತಲಿನ ಹೆಂಗಸರು ಏನಾಯಿತು, ಯಾರು ಸತ್ತರು ಅಂತ ಕೇಳಿದರು. ಯಾರೂ ಸತ್ತಿಲ್ಲ ಅಂದಳು ಚಿಗವ್ವ.

ಈಗಲೂ ಭಾನುವಾರ ಫೋನು ಮಾಡುತ್ತೇನೆ. ಆ ಹುಡುಗಿ ಕೆಲವು ಸಲ ಬಂದು ಖೋಲಿ ತೋರಿಸಲೇ ಅಂತ ಕೇಳುತ್ತಾಳೆ. ಬೇಡ ಅನ್ನುತ್ತೇನೆ. ನೋಡಿದರೆ ಹೋಗಬೇಕು ಅನಿಸುತ್ತದೆ, ನೋಡದಿದ್ದರೂ ಅನಿಸುತ್ತದೆ, ಮತ್ತು ನಾನು ಹೋಗುವುದಿಲ್ಲ.